ಬರಿಗೈಲಿ ಮನೆಗೆ ಹೋಗಬೇಡಿ!

(ಕನ್ನಡ ತರುಣ ತರುಣಿಯರ ಸಭೆಯಲ್ಲಿ ಆಡಿದ ಮಾತುಗಳ ಪೂರ್ಣ ಪಾಠ)



ಇಂಥ ವೇದಿಕೆ ಹತ್ತಿದವರು ಗಡಿಯ ಬಗ್ಗೆ ಮಾತಾಡುತ್ತಾರೆ, ನದಿಯ ಬಗ್ಗೆ ಮಾತಾಡುತ್ತಾರೆ, ನಾಮಫಲಕದ ಬಗ್ಗೆ, ನೌಕರಿಯ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು. ಆದರೆ ಇವತ್ತು ನಾನು ಒಂದು ಅಂಗಡಿಯ ಬಗ್ಗೆ ಮಾತಾಡಲು ನಿಂತಿದ್ದೇನೆ. ದೊಡ್ಡ ಅಂಗಡಿಯಲ್ಲ. ಒಂದು ಕಾರು ನಿಲ್ಲುವಷ್ಟು ಅಗಲ. ಬಾಗಿಲಲ್ಲಿ ಒಂದು ಮರದ ಕುದುರೆ. ಒಳಗೆ ಮೂರು ಗೋಡೆಗೂ ಹಲಗೆ ಹೊಡೆದು ಜೋಡಿಸಿಟ್ಟ ಬುಗುರಿ, ಗಿಲಕಿ, ಬಳೆ, ಬೊಂಬೆ ಜೋಡಿ, ಅಡುಗೆ ಆಟದ ಸಾಮಾನು. ಕೆಂಪು, ಹಳದಿ, ಹಸಿರು. ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ, ಚನ್ನಪಟ್ಟಣದಲ್ಲಿ, ರಸ್ತೆಯ ಬದಿಗೆ ನಿಂತಿರುವ ಬೊಂಬೆ ಅಂಗಡಿ.

"ಇದೇನು ಸ್ವಾಮಿ, ನಾಡು ನುಡಿಯ ಸಭೆಗೆ ಕರೆದು ಆಟದ ಸಾಮಾನಿನ ಕಥೆ ಹೇಳ್ತೀರಾ?" ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಹೌದು, ಅದನ್ನೇ ಹೇಳುತ್ತೇನೆ. ನಾಡು ಎಂದರೆ ನಕ್ಷೆಯ ಮೇಲಿನ ಗೆರೆ ಮಾತ್ರವೇ? ಆ ಗೆರೆಯೊಳಗೆ ಕೂತು, ಕೈಕೆಲಸ ಮಾಡಿ ಅನ್ನ ಉಣ್ಣುವ ಜನ ಬೇಡವೇ? ಗೆರೆ ಕಾಯಲು ಸಾವಿರ ಜನ ಬೀದಿಗಿಳಿಯುತ್ತೇವೆ. ಜನರ ಕೆಲಸ ಕಾಯಲು ಎಷ್ಟು ಮಂದಿ ಇಳಿಯುತ್ತೇವೆ? ಈ ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಂಡು ನನ್ನ ಮಾತು ಕೇಳಿ.

ಜಾತ್ರೆಯಿಂದ ಬಂದವರ ಕೈ

ನಮ್ಮ ಹಿರಿಯರಿಗೆ 'ಸೌವೆನೀರ್' ಎಂಬ ಪದ ಗೊತ್ತಿರಲಿಲ್ಲ. 'ಸ್ಮರಣಿಕೆ' ಎಂಬ ಪದ ಈಗ ಇದೆ, ಆದರೆ ಅದು ಸನ್ಮಾನ ಸಭೆಯ ಪದ. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಫಲಕ. ಪದ ಇಲ್ಲದಿದ್ದರೂ ಪದ್ಧತಿ ಇತ್ತು. ಜಾತ್ರೆಗೆ ಹೋದವರು ಕಡ್ಲೆಪುರಿ, ಬತ್ತಾಸು, ಖರ್ಜೂರ ಇಲ್ಲದೆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಬಳೆ, ಚಿಕ್ಕವರಿಗೆ ಪೀಪಿ, ಗಿರಿಗಿಟ್ಲೆ. ತಿರುಪತಿಗೆ ಹೋದವರು ತಂದ ಲಡ್ಡು ಚೂರು ಚೂರಾಗಿ ಇಡೀ ಬೀದಿಗೆ ಹಂಚಿಕೆಯಾಗುತ್ತಿತ್ತು. ಪೇಟೆಗೆ ಹೋದ ಅಪ್ಪ ಎಷ್ಟೇ ಹೊತ್ತಾಗಿ ಬರಲಿ, ನಿದ್ದೆಗಣ್ಣಲ್ಲಿ ಎದ್ದ ಮಗು ಕೇಳುತ್ತಿದ್ದ ಮೊದಲ ಪ್ರಶ್ನೆ, "ಏನ್ ತಂದ್ಯಪ್ಪಾ?" ಬರಿಗೈಲಿ ಬರುವುದು ಎಂದರೆ ತಲೆ ತಗ್ಗಿಸುವ ವಿಷಯವಾಗಿತ್ತು.

ಇದರಲ್ಲಿ ಪ್ರೀತಿ ಇತ್ತು, ಜೊತೆಗೆ ಒಂದು ಲೆಕ್ಕವೂ ಇತ್ತು. ಜಾತ್ರೆ ಬೀದಿಯ ಬಳೆಗಾರ, ಪುರಿಯವನು, ಬೊಂಬೆಯವನು ಎದುರು ನೋಡುತ್ತಿದ್ದದ್ದು ಆ ಎರಡು ಮೂರು ದಿನಗಳನ್ನು. ಬಂದವರ ಜೇಬಿನ ನಾಲ್ಕು ಕಾಸು ಆ ಬೀದಿಯಲ್ಲಿ ಉಳಿದರೆ ಮುಂದಿನ ವರ್ಷವೂ ಅವರು ಅಲ್ಲಿ ಬಂದು ಕೂರುತ್ತಿದ್ದರು. ದಾರಿ ನಮ್ಮನ್ನು ಸಾಕಿತು, ದಾರಿಯವರಿಗೆ ನಾವೂ ಏನಾದರೂ ಕೊಟ್ಟು ಹೋಗೋಣ ಎಂಬ ತಿಳಿವಳಿಕೆ ಅದು. ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ.

ರಸ್ತೆ ಅಗಲವಾಯಿತು, ಊರು ಮರೆಯಾಯಿತು

ಈಗ ನಿಮ್ಮ ಪ್ರವಾಸ ನೋಡಿ. ಶುಕ್ರವಾರ ಸಂಜೆ ಆಫೀಸು ಮುಗಿಸಿ ನಾಲ್ಕು ಜನ ಒಂದು ಕಾರು ಹತ್ತುತ್ತೀರಿ. ಮಡಿಕೇರಿಯೋ, ಊಟಿಯೋ, ದಸರೆಯ ಮೈಸೂರೋ. ಎರಡು ದಿನ ಸುತ್ತುತ್ತೀರಿ. ಫೋನಿನ ತುಂಬ ಫೋಟೋ. ಭಾನುವಾರ ಮಧ್ಯಾಹ್ನ ಮೈಸೂರು ಬಿಡುತ್ತೀರಿ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ. ಇವು ಆ ದಾರಿಯ ಊರುಗಳು. ಹಿಂದೆ ಈ ಹೆಸರುಗಳನ್ನು ಯಾರೂ ಬಾಯಿಪಾಠ ಮಾಡಬೇಕಿರಲಿಲ್ಲ. ಹೊಟ್ಟೆಗೇ ಗೊತ್ತಿತ್ತು. ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಬೊಂಬೆ, ಬಿಡದಿಯಲ್ಲಿ ತಟ್ಟೆ ಇಡ್ಲಿ. ಇನ್ನು ಸುಮಾರು 60 ಕಿಲೋಮೀಟರ್ ಹೋದರೆ ಬೆಂಗಳೂರು ಎನ್ನುವಾಗ ಚನ್ನಪಟ್ಟಣ ಬರುತ್ತಿತ್ತು. ಪ್ರವಾಸದ ದುಡ್ಡು ಎಲ್ಲ ಮುಗಿದು ಕೊನೆಯ ನೋಟು ಉಳಿದಿರುವ ಜಾಗ ಅದು. ಆ ನೋಟು ಅಲ್ಲಿ ಒಂದು ಗಿಲಕಿಯಾಗಿ, ಒಂದು ಬುಗುರಿಯಾಗಿ ಮಾರ್ಪಟ್ಟು ಮನೆಗೆ ಬರುತ್ತಿತ್ತು.

2023ರ ಮಾರ್ಚ್ 12ರಂದು ಹೊಸ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವೀಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟೂ ಊರುಗಳನ್ನು ಹೊರಗಿನಿಂದ ಬಳಸಿಕೊಂಡು ಹೋಗುವ ಬೈಪಾಸುಗಳು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಆ ಮುಖ್ಯ ಪಥಗಳಲ್ಲಿ ಪ್ರವೇಶ ನಿಷೇಧವಾಯಿತು.

ನಾನು ರಸ್ತೆಯ ವಿರೋಧಿಯಲ್ಲ. ಹಳೆ ರಸ್ತೆಯ ಜನಜಂಗುಳಿ, ದಸರೆಯ ದಿನಗಳ ಸಾಲು, ಊರೂರ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ ಆಂಬ್ಯುಲೆನ್ಸು, ಇದನ್ನೆಲ್ಲ ಕಂಡವನು ಹೊಸ ರಸ್ತೆ ಬೇಡ ಎನ್ನಲಾರ. ರಸ್ತೆ ಬೇಕು. ಆದರೆ ರಸ್ತೆ ಆದ ಮೇಲೆ ವ್ಯಾಪಾರ ಕುಸಿಯಿತು ಎಂದು ಚನ್ನಪಟ್ಟಣದ ಬೊಂಬೆ ಅಂಗಡಿಯವರು ಆ ವರ್ಷವೇ ಪತ್ರಿಕೆಗಳ ಮುಂದೆ ಹೇಳಿಕೊಂಡರು. ಅಂಗಡಿಗೆ ಯಾರೂ ಬೀಗ ಜಡಿಯಲಿಲ್ಲ. ಯಾರೂ ಎತ್ತಂಗಡಿ ಮಾಡಿಸಲಿಲ್ಲ. ಹಾದುಹೋಗುವವರ ಕಣ್ಣಿಗೆ ಅವು ಬೀಳದಂತಾಯಿತು, ಅಷ್ಟೇ. ರಸ್ತೆ ಬದಿಯ ಸಣ್ಣ ಅಂಗಡಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಅದಕ್ಕೆ ಜಾಹೀರಾತು ಕೊಡುವ ಶಕ್ತಿ ಇಲ್ಲ. ಬಾಗಿಲಲ್ಲಿ ನಿಲ್ಲಿಸಿದ ಆ ಮರದ ಕುದುರೆಯೇ ಅದರ ಜಾಹೀರಾತು. ಕುದುರೆಯನ್ನು ನೋಡಿ ಹಿಂದಿನ ಸೀಟಿನ ಮಗು ಹಟ ಹಿಡಿಯಬೇಕು, ಅಪ್ಪ ಬ್ರೇಕು ಹಾಕಬೇಕು. ಹೊಸ ರಸ್ತೆಯಿಂದ ಆ ಕುದುರೆ ಕಾಣುವುದಿಲ್ಲ.

ಆಲೆ ಮರ, ಅರಗು, ತಾಳೆ ಗರಿ

ಆ ಕುದುರೆ ಹೇಗೆ ಹುಟ್ಟುತ್ತದೆ, ಸ್ವಲ್ಪ ಕೇಳಿ. ಕೊಳ್ಳುವವನಿಗೆ ಇದು ಗೊತ್ತಿರಬೇಕು.

ಚನ್ನಪಟ್ಟಣದ ಬೊಂಬೆಗೆ ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ದಂತದ ಬಣ್ಣದ, ನಯವಾದ ಎಳೆಯ ಮೆದು ಮರ. ಈಗ ರಬ್ಬರ್ ಮರ ಮುಂತಾದವೂ ಬಳಕೆಯಲ್ಲಿವೆ. ಮರವನ್ನು ತುಂಡು ಮಾಡಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹಸಿ ಇದ್ದರೆ ಬೊಂಬೆ ಆಮೇಲೆ ಸೀಳುತ್ತದೆ. ಒಣಗಿದ ತುಂಡನ್ನು ಲೇತಿಗೆ ಕಚ್ಚಿಸಿ ಗರಗರ ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಉಳಿ ಹಿಡಿದರೆ ಸಿಪ್ಪೆ ಸಿಪ್ಪೆಯಾಗಿ ಹಾರಿ, ಒಳಗಿಂದ ಒಂದು ತಲೆ, ಒಂದು ಹೊಟ್ಟೆ, ಒಂದು ಗಾಲಿ ಹೊರಗೆ ಬರುತ್ತದೆ. ಅಳತೆ ಕಣ್ಣಲ್ಲಿ, ಹದ ಕೈಯಲ್ಲಿ.

ಆಮೇಲೆ ಬಣ್ಣ. ಇಲ್ಲಿ ಕುಂಚವಿಲ್ಲ, ಡಬ್ಬಿ ಪೇಂಟಿಲ್ಲ. ಇರುವುದು ಅರಗು. ಪಾಂಡವರ ಕಥೆಯಲ್ಲಿ ಅರಗಿನ ಅರಮನೆ ಬರುತ್ತದಲ್ಲ, ಅದೇ ಅರಗು. ಮರದ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಕಟ್ಟುವ ಅಂಟು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬರುವುದು ಜಾರ್ಖಂಡ್, ಛತ್ತೀಸಗಡದ ಕಡೆಯಿಂದ. ಅರಗನ್ನು ಕಾಯಿಸಿ, ಬಣ್ಣ ನಾದಿ, ಕಡ್ಡಿಯ ಹಾಗೆ ಮಾಡಿಟ್ಟುಕೊಳ್ಳುತ್ತಾರೆ. ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣಗಳು ಈ ಕೆಲಸದ ಹಿರಿಮೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೆಂಕಿ ಬೇಡ, ಒಣಗಲು ಕಾಯುವುದು ಬೇಡ. ಅದರ ಮೇಲೆ ಒಣಗಿದ ತಾಳೆ ಗರಿಯನ್ನು ಒತ್ತಿ ಉಜ್ಜಿದರೆ ಹೊಳಪು. ಪಾಂಡವರನ್ನು ಸುಡಲು ಹೊರಟ ಅರಗು, ಇಲ್ಲಿ ಮಗುವಿನ ಗಿಲಕಿಗೆ ಮೆರುಗು ಕೊಡುತ್ತದೆ!

ಈ ಕಸುಬಿನ ಹಿಂದೆ ಒಂದು ದೊಡ್ಡ ಕಥೆಯಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದನೆಂದು ಚನ್ನಪಟ್ಟಣದವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. 20ನೇ ಶತಮಾನದ ಮೊದಲ ಭಾಗದಲ್ಲಿ ಜಪಾನಿನ ಅರಗಿನ ಕೆಲಸದ ತಂತ್ರವನ್ನು ಇಲ್ಲಿಗೆ ಒಗ್ಗಿಸಿದ ಬಾವಾಸ್ ಮಿಯಾ ಅವರನ್ನು ಈ ಬೊಂಬೆಗಳ ಪಿತಾಮಹ ಎಂದು ನೆನೆಯುತ್ತಾರೆ. ಲೆಕ್ಕ ಹಾಕಿ: ಪರ್ಷಿಯಾದ ಕಲಿಕೆ, ಜಪಾನಿನ ತಂತ್ರ, ಜಾರ್ಖಂಡದ ಅರಗು, ನಮ್ಮ ನೆಲದ ಆಲೆ ಮರ. ಹಿಂದೂ ಮುಸ್ಲಿಂ ಎನ್ನದೆ ಎರಡೂ ಮನೆಗಳ ಕೈಗಳು. ಇಂದು ಲೇತಿನ ಮುಂದೆ ಹೆಣ್ಣುಮಕ್ಕಳೂ ಕೂರುತ್ತಾರೆ. ಹೊರಗಿನಿಂದ ಬಂದದ್ದನ್ನೆಲ್ಲ ಅರಗಿಸಿಕೊಂಡು ತನ್ನದು ಮಾಡಿಕೊಂಡ ಊರು ಅದು. ಕನ್ನಡತನ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಪುಸ್ತಕ ತೆಗೆಯಬೇಡಿ, ಒಂದು ಚನ್ನಪಟ್ಟಣದ ಬುಗುರಿ ಕೈಗೆ ಕೊಡಿ.

ಕಾನೂನು ಎಲ್ಲಿಯವರೆಗೆ ಬರುತ್ತದೆ

"ಸರ್ಕಾರ ಏನು ಮಾಡುತ್ತಿದೆ?" ಇದು ನಮ್ಮ ಪ್ರಿಯವಾದ ಪ್ರಶ್ನೆ. ಸರ್ಕಾರ ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳೋಣ. ಚನ್ನಪಟ್ಟಣದ ಬೊಂಬೆಗಳಿಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. 1999ರ ಕಾಯ್ದೆಯ ಪ್ರಕಾರ ಇಂಥ ಹೆಸರನ್ನು ಸುಳ್ಳಾಗಿ ಬಳಸಿ ಮಾರುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. 1964ರಲ್ಲಿ ಹುಟ್ಟಿದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ತನ್ನ 'ಕಾವೇರಿ' ಮಳಿಗೆಗಳಲ್ಲಿ ಈ ಬೊಂಬೆ ಮಾರುತ್ತದೆ. ಚನ್ನಪಟ್ಟಣದ ಕಲಾನಗರದಲ್ಲಿ ಕುಶಲಕರ್ಮಿಗಳ ಬಡಾವಣೆಯೇ ಇದೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದ ಅಗ್ಗದ ಆಟಿಕೆ ಮಾರುಕಟ್ಟೆಗೆ ನುಗ್ಗಿದಾಗ ನಮ್ಮ ಲೇತುಗಳು ಏದುಸಿರು ಬಿಟ್ಟವು. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೂ ಜಿಐ ಪಡೆದ ಆಟಿಕೆಗೂ ಅದರಿಂದ ವಿನಾಯಿತಿ ಕೊಟ್ಟರು. ಒಳ್ಳೆಯದೇ.

ಆದರೆ ಕಾನೂನು ಬಂದರಿನಲ್ಲಿ ಹಡಗು ತಡೆಯಬಲ್ಲದು. ಖೋಟಾ ಮಾಲಿನ ಮೇಲೆ ಕೇಸು ಹಾಕಬಲ್ಲದು. ನಿಮ್ಮ ಕಾರನ್ನು ಹೆದ್ದಾರಿಯಿಂದ ಇಳಿಸಿ ಹಳೆ ರಸ್ತೆಗೆ ತಿರುಗಿಸುವ ಕಾನೂನು ಯಾವ ವಿಧಾನಸೌಧದಲ್ಲೂ ಪಾಸಾಗುವುದಿಲ್ಲ. ಆ ಕೆಲಸ ನಿಮ್ಮದು.

ಮಾಡದಿದ್ದರೆ ಏನಾಗುತ್ತದೆ? ಲೇತಿನ ಮುಂದೆ ಕೂತ ಅಪ್ಪನ ಮಗ ಲೆಕ್ಕ ಹಾಕುತ್ತಾನೆ. ಪಕ್ಕದಲ್ಲೇ ಬಿಡದಿಯ ಕಾರ್ಖಾನೆಗಳಿವೆ. ತಿಂಗಳ ಸಂಬಳ, ಬಸ್ಸು, ಊಟ. ನೀವು ಕೂತ ಕಾರೇ ಬಿಡದಿಯಲ್ಲಿ ತಯಾರಾದದ್ದಿರಬಹುದು. ಅಲ್ಲಿಗೆ ಹೋಗುವ ಹುಡುಗನನ್ನು ನಾನು ದೂರಲಾರೆ, ನೀವೂ ದೂರಬೇಡಿ. ಬೊಂಬೆ ಮಾಡಿಯೂ ಗೌರವದ ಬದುಕು ಸಾಧ್ಯ ಎಂದು ಅವನಿಗೆ ತೋರಿಸಬೇಕಾದವರು ಯಾರು? ಬೊಂಬೆ ಕೊಳ್ಳುವವರು. ಉಳಿ ಹಿಡಿಯುವ ಹದ ಪುಸ್ತಕದಲ್ಲಿ ಇಲ್ಲ, ಅಪ್ಪನ ಕೈಯಲ್ಲಿದೆ. ಆ ಮಗ ಒಮ್ಮೆ ಎದ್ದು ಹೋದರೆ ಆ ಹದವೂ ಆ ಮನೆಯಿಂದ ಎದ್ದು ಹೋದಂತೆ.

ಕೈಕೆಲಸದ ಜೊತೆ ಮಾತೂ ಹೋಗುತ್ತದೆ ಎಂಬುದನ್ನು ನುಡಿಯ ಕೆಲಸ ಮಾಡುವ ನಾವು ಮರೆಯಬಾರದು. ಆಲೆ, ಅರಗು, ಉಳಿ, ಗರಿ, ಗಿಲಕಿ, ಬುಗುರಿ. ಈ ಮಾತುಗಳು ಬದುಕಿರುವುದು ಆ ಕೆಲಸದ ಮನೆಯಲ್ಲಿ. ಕೆಲಸ ನಿಂತ ಮೇಲೆ ನಿಘಂಟಿನಲ್ಲಿ ಉಳಿಯುವ ಪದ, ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಯ ಹಾಗೆ. ನೋಡಲು ಚೆಂದ, ಯಾರೂ ಆಡುವುದಿಲ್ಲ.

ಅಂಗಡಿಯೊಳಗೆ ಹೇಗಿರಬೇಕು

ಸರಿ, ನೀವು ಇಳಿದಿರಿ. ಅಂಗಡಿಯ ಮುಂದೆ ಕಾರು ನಿಲ್ಲಿಸಿದಿರಿ. ಇನ್ನು ನಾಲ್ಕು ಮಾತು ನೆನಪಿಡಿ.

ಮೊದಲನೆಯದು, ಬಾಯಿ ತೆರೆದ ಕೂಡಲೇ ಕನ್ನಡ ಬರಲಿ. ಎಷ್ಟೋ ಅಂಗಡಿಯಲ್ಲಿ ನಿಮ್ಮ ಪ್ಯಾಂಟು, ಕನ್ನಡಕ ನೋಡಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕರೆಯುತ್ತಾರೆ. ಸಿಟ್ಟಾಗಬೇಡಿ. ಅವರ ಕನ್ನಡ ಸತ್ತಿಲ್ಲ. ನಿಮ್ಮ ಕನ್ನಡವನ್ನು ಅವರು ಕೇಳಿಲ್ಲ, ಅಷ್ಟೇ. ಬೆಂಗಳೂರಿನಿಂದ ಬಂದ ನಮ್ಮ ಹುಡುಗರೇ "ಹೌ ಮಚ್?" ಎಂದು ಕೇಳಿ ಕೇಳಿ ಅವರಿಗೆ ಈ ಪಾಠ ಕಲಿಸಿದ್ದಾರೆ. "ಇದೆಷ್ಟಣ್ಣಾ?" ಎಂದು ಕೇಳಿ ನೋಡಿ. ಮರುಗಳಿಗೆ "ಬನ್ನಿ ಬನ್ನಿ, ಒಳಗ್ ಬನ್ನಿ, ನಿಧಾನಕ್ ನೋಡಿ" ಎಂಬ ಮಾತು ಬರುತ್ತದೆ. ಮನೆಯಲ್ಲಿ ಉರ್ದು ಆಡುವ ಅಣ್ಣನೂ ಅಂಗಡಿಯಲ್ಲಿ ನಿಮಗಿಂತ ಸೊಗಸಾದ ಕನ್ನಡ ಆಡುತ್ತಾನೆ. ಅಲ್ಲಿ ಅಬ್ಬರದ ಘೋಷಣೆ ಬೇಕಿಲ್ಲ, ಎರಡು ಮಾತು ಸಾಕು.

ಎರಡನೆಯದು, ಅಸಲಿ ಯಾವುದು ನಕಲಿ ಯಾವುದು ನೋಡಿ ಕೊಳ್ಳಿ. ಎಲ್ಲ ಅಂಗಡಿಯಲ್ಲೂ ಎಲ್ಲವೂ ಚನ್ನಪಟ್ಟಣದ್ದೇ ಆಗಿರುವುದಿಲ್ಲ. ಹಲಗೆಯ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕೂ ಇರುತ್ತದೆ, ಬೇರೆ ಊರಿನ ಮರದ ಆಟಿಕೆಯೂ ಇರುತ್ತದೆ. ಗುರುತು ಹೇಳುತ್ತೇನೆ. ಲೇತಿನಲ್ಲಿ ಹುಟ್ಟಿದ್ದು ದುಂಡಗಿರುತ್ತದೆ. ತಲೆ ದುಂಡು, ಹೊಟ್ಟೆ ದುಂಡು, ಕಾಲು ದುಂಡು; ಬಿಡಿ ಬಿಡಿಯಾಗಿ ಮಾಡಿ ಜೋಡಿಸಿದ್ದು. ಅರಗಿನ ಬಣ್ಣದಲ್ಲಿ ಕುಂಚದ ಗೆರೆ ಕಾಣುವುದಿಲ್ಲ, ಪೇಂಟಿನ ವಾಸನೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಹತ್ತುವುದಿಲ್ಲ. ಹಾಲುಗಲ್ಲದ ಮಗುವಿಗೆ ಕೊಳ್ಳುತ್ತಿದ್ದರೆ "ಇದು ಗಿಡದ ಬಣ್ಣವಾ, ಅಂಗಡಿ ಬಣ್ಣವಾ?" ಎಂದು ನೇರವಾಗಿ ಕೇಳಿ. ಕೇಳುವ ಗಿರಾಕಿ ಇದ್ದರೆ ಮಾಡುವವನೂ ಎಚ್ಚರವಾಗಿರುತ್ತಾನೆ.

ಬೇರೆ ಊರಿನ ಆಟಿಕೆ ಎಂದೆನಲ್ಲ, ಅದನ್ನು ಹೀಯಾಳಿಸಬೇಡಿ. ಆಂಧ್ರದ ಏಟಿಕೊಪ್ಪಾಕದವರೂ ಲೇತಿನಲ್ಲಿ ಅರಗಿನ ಬೊಂಬೆ ಮಾಡುತ್ತಾರೆ. ಅವರೂ ಇದೇ ಆಲೆ ಮರ ಬಳಸುತ್ತಾರೆ, ತೆಲುಗಿನಲ್ಲಿ ಅದನ್ನು ಅಂಕುಡು ಎನ್ನುತ್ತಾರೆ. 2017ರಲ್ಲಿ ಅವರಿಗೂ ಜಿಐ ಸಿಕ್ಕಿತು. ಕಾಶಿಯಲ್ಲೂ ಮರದ ಬಣ್ಣದ ಆಟಿಕೆ ಆಗುತ್ತದೆ. ಅವರೂ ನಮ್ಮಂತೆಯೇ ಬೆವರು ಸುರಿಸುವವರು. ನಮ್ಮ ತಕರಾರು ಆ ಕೈಗಳ ಮೇಲಲ್ಲ. ಒಬ್ಬರ ಮಾಲಿಗೆ ಇನ್ನೊಬ್ಬರ ಊರಿನ ಹೆಸರು ಅಂಟಿಸುವ ಮೋಸದ ಮೇಲೆ.

ಮೂರನೆಯದು ಚೌಕಾಸಿ. ಸಂತೆಯಲ್ಲಿ ಚೌಕಾಸಿ ಸಹಜ, ಐದು ಹತ್ತು ರೂಪಾಯಿ ಹೆಚ್ಚು ಕಮ್ಮಿ ಕೇಳುವುದು ತಪ್ಪಲ್ಲ. ಆದರೆ ಹೇಳಿದ ಬೆಲೆಯ ಅರ್ಧಕ್ಕೆ ಕೇಳುವುದು ಏನು ಪೌರುಷ? ಟೋಲ್ ಗೇಟಿನಲ್ಲಿ ನಿಮ್ಮ ಫಾಸ್ಟ್ಯಾಗಿನಿಂದ ದುಡ್ಡು ಕತ್ತರಿಸಿಕೊಳ್ಳುವಾಗ ಚೌಕಾಸಿ ಮಾಡಿದಿರಾ? ಮಾಲಿನಲ್ಲಿ ಒಂದು ಲೋಟ ಕಾಫಿಗೆ ಮುನ್ನೂರು ಕೊಡುವಾಗ "ಇನ್ನೂರಕ್ಕೆ ಕೊಡಿ" ಎಂದಿರಾ? ದೊಡ್ಡವರ ಮುಂದೆ ಬಾಯಿ ಮುಚ್ಚಿ, ಸಣ್ಣ ಅಂಗಡಿಯವನ ಮುಂದೆ ಬಾಯಿ ಬಿಡುವುದು ಹೋರಾಟಗಾರರ ಲಕ್ಷಣವಲ್ಲ.

ನಾಲ್ಕನೆಯದು, "ಇದನ್ನ ಮಾಡಿದ್ದು ಯಾರು?" ಎಂದು ಕೇಳಿ. ಬಹಳ ಸಲ ಮಾಡುವವನು ಬೇರೆ, ಮಾರುವವನು ಬೇರೆ. ಆ ಪ್ರಶ್ನೆ ಕೇಳಿದರೆ ಅಂಗಡಿಯವರು ಖುಷಿಯಿಂದ ಹೇಳುತ್ತಾರೆ, ಕೆಲವೊಮ್ಮೆ ಹಿಂದಿನ ಬೀದಿಯ ಕೆಲಸದ ಮನೆಗೇ ಕರೆದುಕೊಂಡು ಹೋಗುತ್ತಾರೆ. ಹೋಗಿ. ಲೇತಿನ ಮುಂದೆ ಹತ್ತು ನಿಮಿಷ ನಿಲ್ಲಿ. ಆಮೇಲೆ ನೀವು ಅರ್ಧ ಬೆಲೆಗೆ ಕೇಳಲಾರಿರಿ. ಕೊಂಡ ಬೊಂಬೆಯನ್ನು ಮಾತ್ರ ಕಾರಿನ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಇಡಬೇಡಿ. ಅರಗು ಬಿಸಿಗೆ ಮೆತ್ತಗಾಗುವ ಪದಾರ್ಥ.

"ಇದೆಲ್ಲ ಆನ್‌ಲೈನಿನಲ್ಲೇ ಸಿಗುತ್ತದಲ್ಲ?" ಎಂದು ಕೇಳುವವರಿದ್ದೀರಿ. ಸಿಗುತ್ತದೆ. ತರಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ದೂರದ ಊರಿನಲ್ಲಿರುವ ಕನ್ನಡಿಗರಿಗೆ ಅದೇ ದಾರಿ. ಆದರೆ ಆ ಊರಿನ ಬಾಗಿಲ ಮುಂದೆಯೇ ಹಾದುಹೋಗುವ ನೀವು, ಮನೆಗೆ ಬಂದು ಸೋಫಾದ ಮೇಲೆ ಕೂತು ಚನ್ನಪಟ್ಟಣದ ಬೊಂಬೆಗೆ ಆರ್ಡರ್ ಹಾಕುವುದು ಯಾವ ನ್ಯಾಯ? "ಮಕ್ಕಳು ಈಗ ಮೊಬೈಲ್ ಬಿಟ್ಟು ಬುಗುರಿ ಮುಟ್ಟುವುದಿಲ್ಲ" ಎನ್ನುವವರೂ ಇದ್ದೀರಿ. ಬುಗುರಿಯನ್ನು ಷೋಕೇಸಿನಲ್ಲಿ ಇಟ್ಟರೆ ಮುಟ್ಟುವುದಿಲ್ಲ. ನೀವು ನೆಲದ ಮೇಲೆ ಕೂತು ಒಮ್ಮೆ ತಿರುಗಿಸಿ ನೋಡಿ.

ಇದು ಒಂದೇ ರಸ್ತೆಯ ಮಾತಲ್ಲ

ಚನ್ನಪಟ್ಟಣ ಒಂದು ಉದಾಹರಣೆ. ಹಂಪಿಗೆ ಹೋಗುತ್ತೀರಿ, ಅಲ್ಲಿಂದ ಕೊಪ್ಪಳದ ಕಡೆ ಹೊರಳಿದರೆ ಕಿನ್ನಾಳ. ಅಲ್ಲಿ ಚಿತ್ರಗಾರರ ಮನೆಗಳಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಬೊಂಬೆ ಮಾಡುತ್ತಾರೆ. ಬೀದರಿನ ಕೋಟೆ ನೋಡುತ್ತೀರಿ, ಆ ಕೋಟೆಯ ಮಣ್ಣಿನಿಂದಲೇ ಕಪ್ಪು ಬಣ್ಣ ಪಡೆಯುವ ಬಿದರಿ ಕೆಲಸ ಅದೇ ಊರಿನ ಗಲ್ಲಿಯಲ್ಲಿದೆ. ಜೋಗ ನೋಡಲು ಹೋಗುತ್ತೀರಿ, ಸಾಗರ ಸೊರಬದಲ್ಲಿ ಗುಡಿಗಾರರು ಗಂಧದ ಕೆತ್ತನೆ ಮಾಡುತ್ತಾರೆ. ಬಾದಾಮಿ, ಐಹೊಳೆ ಸುತ್ತುತ್ತೀರಿ, ಇಳಕಲ್ಲಿನ ಮಗ್ಗ ದೂರವಿಲ್ಲ. ಪ್ರತಿ ರಸ್ತೆಯ ಕೊನೆಯಲ್ಲೂ ಇಂಥ ಒಂದು ಸಣ್ಣ ಅಂಗಡಿ ನಿಮಗಾಗಿ ದೀಪ ಹಚ್ಚಿಕೊಂಡು ಕೂತಿದೆ. ನಮ್ಮಲ್ಲಿ ಎಷ್ಟು ಜನ ವಿಮಾನ ನಿಲ್ದಾಣದಲ್ಲಿ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಕೊಂಡು ತಂದು "ಇದು ಹಂಪಿ" ಎನ್ನುತ್ತೇವೆ! ಅದರ ಬೆನ್ನು ತಿರುಗಿಸಿ ನೋಡಿ, ಎಲ್ಲಿ ತಯಾರಾದದ್ದು ಎಂದು ಬರೆದಿರುತ್ತದೆ.

ಕೊನೆಯದಾಗಿ, ಕೆಲಸಕ್ಕೆ ಬರುವ ಮಾತು. ಮುಂದಿನ ಸಲ ಮೈಸೂರು ಕಡೆಯಿಂದ ಬರುವಾಗ ಫೋನಿನ ನಕ್ಷೆಯಲ್ಲಿ 'ಬೆಂಗಳೂರು' ಎಂದು ಒತ್ತಬೇಡಿ. 'ಚನ್ನಪಟ್ಟಣ' ಎಂದು ಒತ್ತಿ. ಅದು ತಾನಾಗಿಯೇ ನಿಮ್ಮನ್ನು ಹೊಸ ರಸ್ತೆಯಿಂದ ಇಳಿಸಿ ಊರಿನೊಳಗೆ ತರುತ್ತದೆ. ಕಾರಿಲ್ಲದವರು ರೈಲು ಹತ್ತಿ. ಬೆಂಗಳೂರು-ಮೈಸೂರು ಮಾರ್ಗದಲ್ಲಿ ಚನ್ನಪಟ್ಟಣಕ್ಕೆ ನಿಲ್ದಾಣವಿದೆ. ಹೊಸ ರಸ್ತೆ ನಿಮಗೆ ಒಂದೂವರೆ ಗಂಟೆ ಉಳಿಸಿಕೊಟ್ಟಿದೆಯಲ್ಲ, ಅದರಲ್ಲಿ ಅರ್ಧ ಗಂಟೆ ಹಳೆ ರಸ್ತೆಗೆ ಕೊಡಿ. ಮುಂದಿನ ನವರಾತ್ರಿಗೆ ಮನೆಯಲ್ಲಿ ಬೊಂಬೆ ಕೂರಿಸುವವರು ಒಂದು ಮೆಟ್ಟಿಲನ್ನು ಚನ್ನಪಟ್ಟಣಕ್ಕೆ ಮೀಸಲಿಡಿ. ಗೆಳೆಯನ ಮಗುವಿನ ನಾಮಕರಣಕ್ಕೆ ಹೋಗುವಾಗ ಹೊಳೆಯುವ ಕಾಗದದಲ್ಲಿ ಸುತ್ತಿದ ಪ್ಲಾಸ್ಟಿಕ್ ಬಿಡಿ, ಒಂದು ಅರಗಿನ ಗಿಲಕಿ ಹಿಡಿದು ಹೋಗಿ. ಸಂಘದ ಸಭೆಗಳಲ್ಲಿ ಅತಿಥಿಗಳಿಗೆ ಕೊಡುವ ಆ ಗಾಜಿನ ಫಲಕಗಳನ್ನು ನಿಲ್ಲಿಸಿ, ಬೊಂಬೆ ಕೊಡಿ. ನಮ್ಮ ಸಂಘಗಳಿಂದಲೇ ಇದು 1ನೇ ತಾರೀಖಿನಿಂದ ಶುರುವಾಗಲಿ.

ನವೆಂಬರ್ ಬಂದಾಗ ಬಾವುಟ ಹಿಡಿದು ಬೀದಿಗೆ ಬರುವ ನಿಮ್ಮ ಕೈಗಳನ್ನು ನಾನು ನೋಡಿದ್ದೇನೆ. ಶಕ್ತಿಯಿರುವ ಕೈಗಳು. ಆ ಕೈಗಳು ಪ್ರವಾಸ ಮುಗಿಸಿ ಬರುವಾಗ ಖಾಲಿ ಇರಬಾರದು. ಬಾವುಟ ಹಿಡಿಯಲು ವರ್ಷಕ್ಕೆ ಒಂದು ದಿನ ಸಾಕು. ಬೊಂಬೆ ಮಾಡುವವನ ಮನೆಯ ಒಲೆ ಮುನ್ನೂರ ಅರವತ್ತೈದು ದಿನವೂ ಉರಿಯಬೇಕು.